ಶಾಸಕರ ಮೇಲೆ ಸಾಕ್ಷ್ಯಚಿತ್ರ ಮಾಡಿದ್ದೀವಿ, ಬಿಡುಗಡೆ ಹೇಗೆ? ಅನುಭವ ಇದ್ದವರು ಹೇಳಿ

ರಫ್ ಕಟ್: ನಮ್ಮ ಭಾಗದ ಶಾಸಕರ ಹಿಂದೆ ಮೂರು ವರ್ಷ ಕ್ಯಾಮೆರಾ ಹೊತ್ತು ಓಡಾಡಿದ್ದೀವಿ. ಜಮೀನಿನ ವಿಚಾರ, ಎರಡು ಸಲದ ಪಕ್ಷಾಂತರ ಎಲ್ಲ ಇದೆ. 74 ನಿಮಿಷ. ಅವರು ಸಂದರ್ಶನ ಕೊಟ್ಟಿಲ್ಲ. ಸೆನ್ಸಾರ್ ಮಾಡಿಸೋದಾ, ಸೀದಾ ಯೂಟ್ಯೂಬಾ? ಕೈಯಲ್ಲಿ ಉಳಿದಿರೋದು 90,000.

ಕತ್ತರಿ: ದುಡ್ಡಿನ ಮಾತು ಎತ್ತಿದಿರಿ ಅಂತ ಬರೀತಿದೀನಿ. ನನ್ನದು 52 ನಿಮಿಷ. ಶೂಟಿಂಗಿಗೆ 3,10,000 ಆಯ್ತು, ಹಳೇ ತುಣುಕುಗಳಿಗೇ 2,64,000! ಒಂದು ವಾಹಿನಿ ಸೆಕೆಂಡಿಗೆ 2,000 ಕೇಳ್ತು, ಕನಿಷ್ಠ 30 ಸೆಕೆಂಡ್ ಕೊಳ್ಳಲೇಬೇಕಂತೆ. ನನಗೆ ಬೇಕಿದ್ದದ್ದು 11 ಸೆಕೆಂಡ್, ನನ್ನ ಚಿತ್ರದ ಆಸಾಮಿ ಮೈಕ್ ತಳ್ಳೋ ದೃಶ್ಯ ಅಷ್ಟೇ. 60,000 ಎಣಿಸಿದೆ. ಇನ್ನೊಂದು ವಾಹಿನಿಯ 19 ಸೆಕೆಂಡನ್ನ, ವಿಮರ್ಶೆ, ವರದಿಗೆ ನ್ಯಾಯಯುತವಾಗಿ ಬಳಸಬಹುದು ಅನ್ನೋ ಕಾಪಿರೈಟ್ ಕಾಯ್ದೆಯ ಕಲಂ 52 ಕಾಪಾಡುತ್ತೆ ಅಂತ ಗೆಳೆಯ ಹೇಳಿದ್ದು ನಂಬಿ ಪುಕ್ಕಟೆ ಹಾಕಿದೆ. ನಾಲ್ಕನೇ ದಿನ ವಾಹಿನಿಯ ದೂರಿಗೆ ಯೂಟ್ಯೂಬಿಂದ ಕಾಪಿರೈಟ್ ಸ್ಟ್ರೈಕ್, ವಿಡಿಯೋ ಮಾಯ. ಪ್ರತಿ-ನೋಟಿಸ್ ಕೊಟ್ಟು 10 ಕೆಲಸದ ದಿನ ಕಾದೆ. ಅವರು ಕೋರ್ಟಿಗೆ ಹೋಗಲಿಲ್ಲ, ವಿಡಿಯೋ ವಾಪಸ್ ಬಂತು. ಅಷ್ಟೊತ್ತಿಗೆ ಊರೆಲ್ಲ ಬೇರೆ ಜಗಳ ನೋಡ್ತಿತ್ತು.

ತೊಂಬತ್ತೊಂದನೇ ದಿನ: ಬರೀ ಸ್ಟ್ರೈಕಿಗೇ ಇಷ್ಟು ಗೋಳಾ? ನನಗೆ ತಡೆಯಾಜ್ಞೆ ಬಂದಿತ್ತು ಸ್ವಾಮಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಅಡಿ ಕೇವಿಯಟ್ (ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಅಂತ ಕೋರ್ಟಿಗೆ ಮೊದಲೇ ಕೊಡೋ ಅರ್ಜಿ) ಹಾಕಿದ್ದೆ, ಅದರ ಆಯಸ್ಸು 90 ದಿನ. ಮಿಕ್ಸಿಂಗ್ ಮಾಡೋನು ಇವತ್ತು ನಾಳೆ ಅಂತ ಐದು ವಾರ ಎಳೆದ. ಕೇವಿಯಟ್ ಸತ್ತಿದ್ದು ನನ್ನ ತಲೆಗೇ ಬರಲಿಲ್ಲ. 94ನೇ ದಿನ ಟ್ರೈಲರ್ ಬಿಟ್ಟೆ, 97ನೇ ದಿನ ಏಕಪಕ್ಷೀಯ ತಡೆಯಾಜ್ಞೆ. ಅಲ್ಲಿ ಸಿನಿಮಾ ನೋಡಿದವರು ಒಬ್ಬರೂ ಇರಲಿಲ್ಲ, ನೋಡಿದ್ದು 1 ನಿಮಿಷ 40 ಸೆಕೆಂಡಿನ ಟ್ರೈಲರ್. ಬ್ಲೂಮ್‌ಬರ್ಗ್-ಝೀ ಪ್ರಕರಣದಲ್ಲಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೂ ಮುಂಚೆ ಪ್ರಕಟಣೆ ತಡೆಯೋದು ತೀರಾ ಅಪರೂಪಕ್ಕೆ ಮಾತ್ರ ಅಂದಿದೆಯಲ್ಲ, ಅದರ ಪ್ರತಿ ಕಂಕುಳಲ್ಲಿ ಇಟ್ಕೊಂಡು ಏಳು ತಿಂಗಳು ವಾಯಿದೆ ಮೇಲೆ ವಾಯಿದೆ ಅಲೆದೆ. ಕೊನೆಗೆ ತೆರವಾಯ್ತು. ವಕೀಲರಿಗೆ 1,85,000. ಇನ್ನೊಂದು: ಕೇವಿಯಟ್ ಹಾಕಿದ ಕೋರ್ಟಿಗೆ ಮಾತ್ರ ಅದು. ಅಭಿಮಾನಿ ಬಳಗದವನೊಬ್ಬ ಬೇರೆ ತಾಲೂಕಲ್ಲಿ ದಾವೆ ಹೂಡಿದರೆ ನಿಮಗೆ ಸುಳಿವೂ ಸಿಗಲ್ಲ.

ಟಾಕೀಸ್: ಎಲ್ಲರೂ ಅಡ್ಡದಾರಿ ಹಿಡಿದು ಈಗ ಅಳ್ತಿದೀರಿ. ನಾನು ಸೆನ್ಸಾರ್ ಮಾಡಿಸಿದೆ, ಕಳೆದ ವರ್ಷ. ಯುಎ 16+, ಅಂದ್ರೆ 16 ತುಂಬದವರು ನೋಡೋಕೆ ಪೋಷಕರ ಮಾರ್ಗದರ್ಶನ ಬೇಕು. ಒಂದು ಮಾತು ಮ್ಯೂಟ್, ಒಂದು ಡಿಸ್ಕ್ಲೈಮರ್, ಅಷ್ಟೇ. ಒಪ್ಪಿಗೆ ಆಗದಿದ್ದರೆ ಹೈಕೋರ್ಟೇ ಗತಿ, ಸೆನ್ಸಾರಿನ ಮೇಲ್ಮನವಿ ನ್ಯಾಯಮಂಡಳಿ 2021ರಲ್ಲೇ ಹೋಯ್ತು. ಸರ್ಟಿಫಿಕೇಟ್ ಇತ್ತು ಅಂತಲೇ ಥಿಯೇಟರ್ ಸಿಕ್ತು. ಎರಡು ಶೋ ಹೌಸ್‌ಫುಲ್. ಮೂರನೇ ಶೋಗೆ ಕರೆಂಟ್ ಇಲ್ಲ ಅಂದ ಮಾಲೀಕ. ಪಕ್ಕದ ಸ್ಕ್ರೀನಲ್ಲಿ ಹಾಡು ಕೇಳಿಸ್ತಿತ್ತು! ಆದರೂ ನನಗೆ ಹೆಮ್ಮೆ. ನನ್ನ ಚಿತ್ರ ಯಾರ ಮೇಲಿದೆಯೋ ಅವರಿಗೇ ಮೊದಲು ಸಿನಿಮಾದ ಕಚ್ಚಾ ಪ್ರತಿ ತೋರಿಸಿದ್ದೆ, 40 ನಿಮಿಷ ಸಂದರ್ಶನ ಕೊಟ್ಟರು.

ಕತ್ತರಿ: ಅವರಿಗೇ ತೋರಿಸಿದಿರಾ? ಅದನ್ನ ಸಾಕ್ಷ್ಯಚಿತ್ರ ಅನ್ನಬೇಡಿ, ಹುಟ್ಟುಹಬ್ಬದ ಫ್ಲೆಕ್ಸ್ ಅನ್ನಿ.

ಟಾಕೀಸ್: ಆರೋಪ ಮುಖಕ್ಕೇ ಹೇಳಿ ಉತ್ತರ ಕೇಳೋದು ಫ್ಲೆಕ್ಸಾ? ಮಾನನಷ್ಟಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 356ರಲ್ಲಿ ಎರಡು ವರ್ಷದವರೆಗೆ ಜೈಲಿದೆ. ನಿನ್ನ ಧೈರ್ಯ ನಾನೂ ನೋಡಿದೀನಿ, ಗುತ್ತಿಗೆದಾರನ ಹೆಸರು ಬಂದ ಕಡೆ ಬೀಪ್.

ಕತ್ತರಿ: ಬೀಪ್ ಹಾಕಿದ್ದು ಹೆದರಿ ಅಲ್ಲ, ಆತ ಖಾಸಗಿ ವ್ಯಕ್ತಿ ಅಂತ. ಮ್ಯೂಟ್ ಮಾಡಿಸ್ಕೊಂಡವರು ಬೀಪಿನ ಬಗ್ಗೆ ಪಾಠ ಹೇಳಬೇಡಿ.

ತೊಂಬತ್ತೊಂದನೇ ದಿನ: ಇಬ್ಬರೂ ಸಾಕು ಮಾಡ್ತೀರಾ? ನನ್ನ ಚಿತ್ರದಲ್ಲಿ ಜಮೀನಿನ ಭಾಗ ಕೋರ್ಟಲ್ಲಿ ನಿಂತಿದ್ದು ಫಾರ್ಮ್ 26ರಿಂದ, ನಾಮಪತ್ರದ ಜೊತೆ ಅಭ್ಯರ್ಥಿಯೇ ಸಹಿ ಹಾಕಿ ಕೊಟ್ಟ ಆಸ್ತಿ ವಿವರದ ಅಫಿಡವಿಟ್. ಮೂರು ಚುನಾವಣೆಯದನ್ನ ಪಕ್ಕಪಕ್ಕ ಇಟ್ಟೆ, ವಾಯ್ಸ್ ಓವರ್ ಒಂದೂ ಇಲ್ಲ. ಸಾರ್ವಜನಿಕ ದಾಖಲೆ ಪ್ರಕಟಿಸೋಕೆ ಯಾರ ಅನುಮತಿನೂ ಬೇಡ ಅಂತ 1994ರಲ್ಲಿ ಸುಪ್ರೀಂ ಕೋರ್ಟಿನ ಆಟೋ ಶಂಕರ್ ಪ್ರಕರಣದಲ್ಲೇ ಇತ್ಯರ್ಥ ಆಗಿದೆ.

ರಫ್ ಕಟ್: ಅಫಿಡವಿಟ್ ನಮ್ಮ ಹತ್ರಾನೂ ಇದೆ. ಚುನಾವಣೆ ಹೊತ್ತಿಗೆ ಬಿಟ್ಟರೆ ಜನ ನೋಡ್ತಾರಲ್ವಾ?

ಬೂಮ್ ಮೈಕ್: ನೋಡ್ತಾರೆ ಅಂತ ನಾವೂ ಅಂದ್ಕೊಂಡಿದ್ವಿ. 2019, ಏಪ್ರಿಲ್ ಮೂರನೇ ವಾರಕ್ಕೆ ಹಾಲ್ ಬುಕ್, ಮುಂಗಡ 15,000. ಏಪ್ರಿಲ್ 10ಕ್ಕೆ ಚುನಾವಣಾ ಆಯೋಗ, ನೀತಿಸಂಹಿತೆ ಮುಗಿಯೋವರೆಗೂ ರಾಜಕಾರಣಿಗಳ ಜೀವನಚಿತ್ರ ತೋರಿಸೋ ಹಾಗಿಲ್ಲ ಅಂತು. ನಮ್ಮದು ಹೊಗಳೋ ಚಿತ್ರ ಅಲ್ಲ, ಬಯೋಪಿಕ್ಕೂ ಅಲ್ಲ ಅಂದ್ರೆ ಹಾಲಿನವನು ಕೇಳಬೇಕಲ್ಲ? ಮುಂಗಡಾನೂ ಕೊಡಲಿಲ್ಲ. ಫಲಿತಾಂಶ ಬರಲಿ ಅಂತ ಕಾದ್ವಿ. ಮೇ 23ಕ್ಕೆ ನಮ್ಮ ಕಥಾನಾಯಕ ಸೋತ. ಸೋತವನ ಸಿನಿಮಾಕ್ಕೆ ಬಂದವರು 23 ಜನ, ಅದರಲ್ಲಿ ಆರು ಜನ ನಮ್ಮ ಯೂನಿಟ್ಟೇ. ಅವನು ಗೆದ್ದಿದ್ದರೆ ಹಾಲ್ ತುಂಬ್ತಿತ್ತು, ಬೈಯೋಕಾದ್ರೂ.

ಅಂದಹಾಗೆ ಕತ್ತರಿ, ಶೂಟಿಂಗಿಗೆ 3,10,000 ಅಂತ ಬರೆದಿದೀಯಲ್ಲ, ಅದರಲ್ಲಿ ನನ್ನ ಆರು ದಿನದ ಸೌಂಡ್ ಬಾಡಿಗೆ ಸೇರಿದೆಯಾ? ನನಗಂತೂ ಬಂದಿಲ್ಲ.

ಕತ್ತರಿ: ಇಲ್ಲಿ ಎತ್ತೋ ವಿಷಯಾನಾ ಇದು? ಮೊದಲು ನನ್ನ 4 ಟಿಬಿ ಡಿಸ್ಕ್ ವಾಪಸ್ ಕಳಿಸು.

ಬೂಮ್ ಮೈಕ್: ಡಿಸ್ಕ್ ಟಾಕೀಸ್ ಹತ್ರ ಇದೆ.