ತಮ್ಮಾ, ಕ್ಯಾಮೆರಾ ಆಮೇಲೆ ತಗೊಳ್ಳುವಿಯಂತೆ

ತಮ್ಮಾ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ಮೆಸೇಜು ಈಗ ನೋಡಿದೆ. "ಅತ್ತೀ, 40 ಸಾವಿರದೊಳಗೆ ಮೊದಲನೇ ಡಿಎಸ್‌ಎಲ್‌ಆರ್ ಯಾವುದು ತಗೊಳ್ಳಲಿ? ಬಾದಾಮಿ, ಆಲಮಟ್ಟಿ ಪಕ್ಷಿ, ಮನೆ ಫಂಕ್ಷನ್ನು ಎಲ್ಲಾ ತೆಗೀಬೇಕು" ಅಂತ ಕೇಳಿದ್ದೀಯ. ಅದರ ಕೆಳಗೇ ಕಾಕಾ ಅವರು "ಮೆಗಾಪಿಕ್ಸೆಲ್ ಜಾಸ್ತಿ ಇರೋದು ತಗೋ, ಉಳಿದದ್ದೆಲ್ಲ ಸುಳ್ಳು" ಅಂದಿದ್ದಾರೆ. ನಿಮ್ಮಪ್ಪ ಬರೀ ತನ್ನ ಮೊಬೈಲಿನ ಫೋಟೋ ಹಾಕಿ ಸುಮ್ಮನಾಗಿದ್ದಾನೆ. ಅಣ್ಣಾ, ಮೊಬೈಲೇ ಸಾಕು ಅಂತಿದ್ದೀಯ, ಅರ್ಥ ಆಯ್ತು ಬಿಡು. ಒಲೆ ಮೇಲೆ ಬೇಳೆ ಇಟ್ಟಿದ್ದೇನೆ, ಟೈಪ್ ಮಾಡುತ್ತಾ ಕೂರೋಕೆ ಆಗಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಮೊದಲು ಕಾಕಾ ಅವರ ಮಾತು. ಕಾಕಾ, ನಿಮ್ಮ ಪಡಸಾಲೆಯಲ್ಲಿ ಕಾಕು ರೊಟ್ಟಿ ಬಡಿಯೋ ಫೋಟೋ ತೂಗುಹಾಕಿದ್ದೀರಲ್ಲ, ಅದು ನನ್ನ ಹಳೇ ನಿಕಾನ್ ಡಿ3100ರಲ್ಲಿ ತೆಗೆದದ್ದು. 14 ಮೆಗಾಪಿಕ್ಸೆಲ್ ಅಷ್ಟೇ. 15 ಇಂಚು ಅಗಲ ಹಾಕಿಸಿದರೂ ಕಾಕು ಕೈಯ ಬಳೆ ಎಣಿಸಬಹುದು. ತಮ್ಮ ನೋಡುತ್ತಿರೋದರಲ್ಲಿ ಎರಡು 24ರವು. ಅದರ ಮೇಲೆ ಇನ್ನು ಜಗಳ ಬೇಡ.

ತಮ್ಮಾ, ನೀನು ಮೂರು ಹೆಸರು ಬರೆದಿದ್ದೀಯ. ಕ್ಯಾನನ್ 3000ಡಿ, ಕ್ಯಾನನ್ 1500ಡಿ, ಆಮೇಲೆ ನಿಮ್ಮ ಕಾಲೇಜಿನ ಯಾರೋ ಮಾರುತ್ತಿರುವ ನಿಕಾನ್ ಡಿ5600. 3000ಡಿ ಬಿಟ್ಟುಬಿಡು. ಲೆನ್ಸ್ ಕೂರೋ ಜಾಗವೇ ಪ್ಲಾಸ್ಟಿಕ್ಕು, ಹಿಂದಿನ ಸ್ಕ್ರೀನು 2.7 ಇಂಚು. 1500ಡಿ ಪರವಾಗಿಲ್ಲ, ಅದರಲ್ಲಿ ಕಲಿತವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹೊಸದಕ್ಕೆ ಹೋದರೆ ನಿನ್ನ ದುಡ್ಡೆಲ್ಲ ಅಲ್ಲೇ ಖಾಲಿ. ನನ್ನ ಮನಸ್ಸು ಆ ಡಿ5600 ಕಡೆಗಿದೆ. ಅದರಲ್ಲಿ 39 ಫೋಕಸ್ ಪಾಯಿಂಟು, ಅಂದರೆ ಫೋಕಸ್ ಹಿಡಿಯೋ ಜಾಗ, 1500ಡಿಯಲ್ಲಿ ಒಂಬತ್ತೇ. ಸ್ಕ್ರೀನ್ ಹೊರಗೆ ತಿರುಗುತ್ತದೆ. ಗೋಲಗುಂಬಜದ ಒಳಗೆ ಕ್ಯಾಮೆರಾನ ನೆಲದ ಮೇಲಿಟ್ಟು ಗುಮ್ಮಟ ತೆಗೆಯೋವಾಗ ಅದರ ಬೆಲೆ ಗೊತ್ತಾಗುತ್ತದೆ. ನಾನು ಅಲ್ಲಿ ಅಂಗಾತ ಮಲಗಿ ತೆಗೆದವಳು. ಶಾಲೆ ಹುಡುಗರು ಸುತ್ತ ನಿಂತು ನಕ್ಕಿದ್ದರು.

ಆದರೆ ಬಾಡಿ ಮೇಲೇ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾ ಮೇಲೇ, ಎಲ್ಲಾ ದುಡ್ಡು ಸುರಿಯಬೇಡ. ಯಾಕೆ ಅಂದರೆ, ನೀನು ಬಾದಾಮಿ ಅಂದೆಯಲ್ಲ, ಮೂರನೇ ಗುಹೆಗೆ ಹೋಗು. ಕ್ರಿ.ಶ. 578ರ ಗುಹೆ ಅದು, ಪಡಸಾಲೆಯ ತುದಿಯಲ್ಲಿ ಆದಿಶೇಷನ ಮೇಲೆ ವಿಷ್ಣು ಕೂತಿದ್ದಾನೆ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತದೆ. ಒಳಗೆ ಹೋದಷ್ಟೂ ಕತ್ತಲು. ಕ್ಯಾಮೆರಾ ಜೊತೆ ಬರೋ 18-55 ಲೆನ್ಸನ್ನು 55ಕ್ಕೆ ಜೂಮ್ ಮಾಡಿದರೆ ಎಫ್ 5.6ಕ್ಕಿಂತ ಜಾಸ್ತಿ ತೆರೆಯೋದಿಲ್ಲ. ಈ ಎಫ್ ನಂಬರು ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು, ತಲೆಕೆಳಗಿನ ಲೆಕ್ಕ. ಕತ್ತಲಲ್ಲಿ ಬೆಳಕು ತುಂಬಿಸಿಕೊಳ್ಳೋಕೆ ಕ್ಯಾಮೆರಾ ನಿನಗೆ ಸೆಕೆಂಡಿನ ಆರನೇ ಒಂದು ಭಾಗ ಕೇಳುತ್ತದೆ ಅಂತಿಟ್ಟುಕೋ. ಅಷ್ಟು ಹೊತ್ತು ಕೈ ನಿಲ್ಲೋದಿಲ್ಲ. ಅದೇ ಜಾಗದಲ್ಲಿ ಎಫ್ 1.8ರ ಲೆನ್ಸು ಹಾಕು. ಹೆಚ್ಚು ಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಆರನೇ ಒಂದು ಹೋಗಿ ಅರವತ್ತನೇ ಒಂದು ಆಗುತ್ತದೆ, ಕೈಯಲ್ಲೇ ಹಿಡಿದು ತೆಗೆಯಬಹುದು.

18-55ರಲ್ಲಿ ಕೈ ನಡುಕ ತಡೆಯೋ ವ್ಯವಸ್ಥೆ ಇರುತ್ತದಲ್ಲ ಅಂತ ಕೇಳಬಹುದು ನೀನು. ಇರುತ್ತದೆ, ವಿಷ್ಣುವಿಗೆ ಅದು ಸಾಕು. ಕಲ್ಲು ಅಲ್ವಾ, ಅಲ್ಲಾಡೋದಿಲ್ಲ. ಆದರೆ ಪಕ್ಕದಲ್ಲಿ ನಿನ್ನ ತಂಗಿ ನಿಂತಳು ಅಂದರೆ ಮುಗೀತು, ಅವಳು ಅಲ್ಲಾಡೋದನ್ನು ಯಾವ ಕಂಪನಿಯೂ ತಡೆಯೋಕಾಗಲ್ಲ.

ಅದಕ್ಕೇ ನಾನು ಹೇಳೋದು, ಬಾಡಿ ಸೆಕೆಂಡ್ ಹ್ಯಾಂಡ್ ತಗೋ, ಉಳಿದ ದುಡ್ಡಲ್ಲಿ ಒಂದು 35 ಎಂಎಂ ಎಫ್ 1.8 ತಗೋ. ಎಲ್ಲರೂ 50 ತಗೋ ಅನ್ನುತ್ತಾರೆ. ಈ ಎಂಎಂ ನಂಬರು ದೊಡ್ಡದಾದಷ್ಟೂ ಫೋಟೋದಲ್ಲಿ ಹಿಡಿಯೋ ಜಾಗ ಕಡಿಮೆ. ಈ ಕ್ಯಾಮೆರಾಗಳ ಸೆನ್ಸರ್, ಅಂದರೆ ಬೆಳಕು ಹಿಡಿಯೋ ಚಿಪ್, ಚಿಕ್ಕದು, ನಿಕಾನಿನಲ್ಲಿ 50 ಹಾಕಿದರೆ 75ರ ಹಾಗೆ ಕಾಣುತ್ತದೆ. ನಮ್ಮ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಇಬ್ಬರೇ ಹಿಡಿಯೋದು. ನಮ್ಮ ಮನೇಲಿ ಇಬ್ಬರೇ ಇರೋದು ಯಾವಾಗ?

ಲೆನ್ಸ್ ತಗೊಳ್ಳೋವಾಗ ಒಂದು ನೆನಪಿಡು. ಇದರಲ್ಲಿ ನಾನು ಸರಿಯಾಗಿ ಮೋಸ ಹೋಗಿದ್ದೇನೆ. ಮೋಸ ಅಂದರೆ, ಅಂಗಡಿಯವನು ಹೇಳಲಿಲ್ಲ, ನಾನು ಕೇಳಲಿಲ್ಲ. ನಿಕಾನಿನ ಡಿ3000 ಸಾಲಿನವು, ಡಿ5000 ಸಾಲಿನವು, ಇವುಗಳ ಬಾಡಿಯೊಳಗೆ ಫೋಕಸ್ ಮೋಟರ್ ಇರೋದಿಲ್ಲ. ಮೋಟರ್ ಲೆನ್ಸಿನಲ್ಲೇ ಇರಬೇಕು. ಲೆನ್ಸಿನ ಮೇಲೆ ಎಎಫ್-ಎಸ್ ಅಂತ ಇದ್ದರೆ ಸರಿ, ಡಿ5600ಕ್ಕಾದರೆ ಎಎಫ್-ಪಿಯೂ ನಡೆಯುತ್ತದೆ. ನಾನು ಅಗ್ಗಕ್ಕೆ ಸಿಕ್ಕಿತು ಅಂತ ಹಳೇ 50 ಎಂಎಂ ಎಎಫ್-ಡಿ ತಂದೆ, ಅದೂ ನನ್ನ ತಂಗಿ ಮದುವೆಯ ಹಿಂದಿನ ದಿನ. ಹಾಕಿ ಕೂಡ ನೋಡಲಿಲ್ಲ. ಅಂತರಪಟ ಸರಿಯಿತು, ಅಕ್ಕಿಕಾಳು ಬಿತ್ತು, ನಾನು ಬಟನ್ ಒತ್ತುತ್ತಲೇ ಇದ್ದೆ. ಕ್ಲಿಕ್ ಕ್ಲಿಕ್ ಅನ್ನುತ್ತದೆ, ಲೆನ್ಸ್ ಮಾತ್ರ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಸಣ್ಣ ಸ್ಕ್ರೀನಿನಲ್ಲಿ ಎಲ್ಲಾ ಚೆನ್ನಾಗಿಯೇ ಕಂಡಿತು. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಹಿಂದಿನ ಪರದೆಯ ಜರಿ ಒಂದೊಂದೇ ಎಳೆ ಕಾಣುತ್ತದೆ, ಮದುಮಕ್ಕಳು ಮಸುಕು. ತಂಗಿ ಈಗಲೂ ಅದನ್ನು ಎತ್ತಿ ಆಡುತ್ತಾಳೆ. ಅವಳೂ ಈ ಗ್ರೂಪಿನಲ್ಲಿದ್ದಾಳೆ, ಕೇಳಿಸಿಕೊಂಡು ಸುಮ್ಮನಿರಲಿ.

ಆಲಮಟ್ಟಿ ಪಕ್ಷಿ ಈಗಲೇ ಬೇಡ. ಹಿನ್ನೀರಿನ ರಾಜಹಂಸ ದಡದಿಂದ ಎಷ್ಟು ದೂರ ಇರುತ್ತವೆ ಅಂತ ನಿನಗೇ ಗೊತ್ತು. 300 ಎಂಎಂ ಹಾಕಿದರೂ ಒಂದೊಂದು ಹಕ್ಕಿ ಅಕ್ಕಿಕಾಳಿನಷ್ಟೇ. ಆ ಆಸೆಗೆ ಡಬಲ್ ಲೆನ್ಸ್ ಕಿಟ್ ತಗೊಂಡರೆ ಎರಡನೇ ಲೆನ್ಸು ಕಪಾಟಿನಲ್ಲೇ ಇರುತ್ತದೆ.

ಮಿರರ್‌ಲೆಸ್, ಅಂದರೆ ಡಿಎಸ್‌ಎಲ್‌ಆರ್ ಒಳಗಿರೋ ಕನ್ನಡಿ ಇಲ್ಲದ ಹೊಸ ತರಹದ ಕ್ಯಾಮೆರಾ, ಯಾಕೆ ಬೇಡ ಅಂತ ವೈನಿ ನನಗೆ ಬೇರೆ ಮೆಸೇಜು ಹಾಕಿದ್ದರು. ವೈನಿ, ಬೇಡ ಅಂತಲ್ಲ, ಮುಂದಿನದ್ದೆಲ್ಲ ಅದೇ. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ದೊಡ್ಡ ಸೆನ್ಸರಿನ ಮಿರರ್‌ಲೆಸ್ ಶುರು ಮಾಡಿದವು, ಆಮೇಲೆ ಅವರ ಗಮನವೆಲ್ಲ ಅಲ್ಲೇ. ಜನ ಹಳೇ ಡಿಎಸ್‌ಎಲ್‌ಆರ್ ಮಾರಿ ಅದಕ್ಕೆ ಹೋಗುತ್ತಿದ್ದಾರೆ, ಹಾಗಾಗಿ ನಮ್ಮ ದುಡ್ಡಿಗೆ ಒಳ್ಳೇದು ಸಿಗುತ್ತದೆ. ಕಲಿಯೋಕೆ ಯಾವುದಾದರೇನು.

ಆ ಕಾಲೇಜಿನ ಹುಡುಗನ ಹತ್ತಿರ ಹೋಗೋವಾಗ ನಿನ್ನದೇ ಮೆಮೊರಿ ಕಾರ್ಡ್ ತಗೊಂಡು ಹೋಗು. ಬಿಳಿ ಗೋಡೆಯದ್ದೊಂದು ಫೋಟೋ ಎಫ್ 22ರಲ್ಲಿ ತೆಗಿ, ಮನೆಗೆ ಬಂದು ದೊಡ್ಡದು ಮಾಡಿ ನೋಡು. ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು. ಧೂಳು ತೆಗೆಸಬಹುದು, ಅದಕ್ಕೆ ಹೆದರಬೇಡ. ಹೆದರಬೇಕಾದ್ದು ಲೆನ್ಸಿನೊಳಗಿನ ಫಂಗಸ್ಸಿಗೆ. ಮೊಬೈಲಿನ ಟಾರ್ಚು ಹಿಡಿದು ಅಡ್ಡಡ್ಡ ನೋಡು, ಜೇಡರ ಬಲೆಯ ಹಾಗೆ ಎಳೆ ಕಂಡರೆ ಕೈಮುಗಿದು ವಾಪಸ್ ಬಾ. ಹುಡುಗ ಬೆಳಗಾವಿ ಕಡೆಯವನು ಅಂದೆಯಲ್ಲ, ಆ ಮಳೆಯ ಥಂಡಿಯಲ್ಲಿ ಬ್ಯಾಗಿನೊಳಗೇ ಇಟ್ಟ ಲೆನ್ಸಿಗೆ ಬೇಗ ಹಿಡಿಯುತ್ತದೆ. ನಿಕಾನಿನ ಫೋಟೋ ಫೈಲಿನಲ್ಲಿ ಶಟರ್ ಎಷ್ಟು ಸಲ ಬಿದ್ದಿದೆ, ಅಂದರೆ ಇಲ್ಲಿವರೆಗೆ ಎಷ್ಟು ಫೋಟೋ ತೆಗೆದಿದ್ದಾರೆ ಅನ್ನೋದು ದಾಖಲಾಗಿರುತ್ತದೆ. 20-30 ಸಾವಿರ ಇದ್ದರೆ ಚಿಂತೆ ಇಲ್ಲ, ಲಕ್ಷದ ಹತ್ತಿರ ಇದ್ದರೆ ಬೇಡ. ಬಿಲ್ಲಿನಲ್ಲಿರೋ ನಂಬರೂ ಕ್ಯಾಮೆರಾ ತಳದ ನಂಬರೂ ಒಂದೇನಾ ನೋಡು.

ಇಷ್ಟೆಲ್ಲ ಹೇಳಿದೆ, ಆದರೆ ಈ ತಿಂಗಳು ಏನೂ ತಗೋಬೇಡ. ನನ್ನ ಡಿ3100 ಸುಮ್ನೆ ಕಪಾಟಿನಲ್ಲಿದೆ, 18-55 ಹಾಕಿಯೇ ಇಟ್ಟಿದ್ದೇನೆ. ಬ್ಯಾಟರಿ ಇನ್ನೂ ಚೆನ್ನಾಗಿದೆ. ಎರಡು ತಿಂಗಳು ನೀನೇ ಇಟ್ಟುಕೋ. ಆಟೋಗೆ ಹಾಕಬೇಡ, ಮೇಲಿನ ಡಯಲನ್ನು ಎ ಅಂತಿರೋ ಕಡೆ ತಿರುಗಿಸು, ಅಲ್ಲಿ ಎಫ್ ನಂಬರು ನೀನೇ ಆರಿಸಬಹುದು. ಆಮೇಲೆ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಒಂದೊಂದರ ಮಾಹಿತಿ ತೆಗೆದು ನೋಡು, 18ರಲ್ಲಿ ಎಷ್ಟು ತೆಗೆದಿದ್ದೀಯ, 55ರಲ್ಲಿ ಎಷ್ಟು. ಮುಕ್ಕಾಲು ಪಾಲು 18ರಲ್ಲೇ ಇದ್ದರೆ ನಾನು ಹೇಳಿದ 35 ನಿನಗೆ ದಂಡ. ಆಗ ನನ್ನ ಮಾತು ಬಿಟ್ಟುಬಿಡು.

ಭಾನುವಾರ ಬೆಳಗಿನ ಗಾಡಿಗೆ ವಿಜಯಪುರಕ್ಕೆ ಬಾ. ಇಬ್ರಾಹಿಂ ರೋಜಾಕ್ಕೆ ಹೋಗೋಣ, ಬಿಸಿಲು ಏರೋ ಮುಂಚೆ ಅಲ್ಲಿ ನೆರಳು ಚೆನ್ನಾಗಿ ಬೀಳುತ್ತದೆ. ಟ್ರೈಪಾಡ್ ತರಬೇಡ, ಅನುಮತಿ ಇಲ್ಲದೆ ಒಳಗೆ ಬಿಡೋದಿಲ್ಲ. ಕಾರ್ಡ್ ರೀಡರ್ ಮಾತ್ರ ಮರೆಯದೆ ತಾ, ನನ್ನದು ಕೆಟ್ಟಿದೆ. ಅಯ್ಯೋ, ಬೇಳೆ ಉಕ್ಕಿತು, ಇಡುತ್ತೇನೆ.