ಜರ್ನಲ್‌ನ ಪ್ರಭಾವ ಅಳೆಯಲು ಆಲ್ಟ್‌ಮೆಟ್ರಿಕ್ಸ್: ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಮಾಡಬಹುದೇ?

ತಿದ್ದೋಲೆ:
ಓಜೆಎಸ್ ಎಂಬ ಜರ್ನಲ್ ನಡೆಸುವ ತಂತ್ರಾಂಶದಲ್ಲಿ ನಡೆಯುವ ಮುಕ್ತ ಪ್ರವೇಶದ ಜರ್ನಲ್ ನಮ್ಮದು. ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತದೆ ಎಂಬ ಜರ್ನಲ್ ಅಂಕ, ಇಲ್ಲ. ಎಲ್ಲ ಲೇಖನಕ್ಕೂ ಕ್ರಾಸ್‌ರೆಫ್ ಸಂಸ್ಥೆಯಲ್ಲಿ ನೋಂದಾಯಿಸಿದ ಡಿಒಐ (ಲೇಖನದ ಶಾಶ್ವತ ಗುರುತಿನ ಸಂಖ್ಯೆ) ಇದೆ. ಸುದ್ದಿ, ಬ್ಲಾಗ್, ಜಾಲತಾಣಗಳಲ್ಲಿ ಲೇಖನಕ್ಕೆ ಸಿಕ್ಕ ಗಮನವನ್ನು ಅಳೆಯುವುದೇ ಆಲ್ಟ್‌ಮೆಟ್ರಿಕ್ಸ್; ಅದಕ್ಕೆ ಆಲ್ಟ್‌ಮೆಟ್ರಿಕ್ ಸಂಸ್ಥೆ ಲೇಖನಗಳಿಗೆ ಕೊಡುವ ಸ್ಕೋರ್‌ಗಳ ಸರಾಸರಿ ತೆಗೆದು ಅದನ್ನೇ 'ಪ್ರಭಾವಾಂಕ' ಎಂದು ಮುಖಪುಟದಲ್ಲಿ ಹಾಕೋಣ ಅನ್ನುತ್ತಿದೆ ಸಂಪಾದಕ ಮಂಡಳಿ. ಸರಿಯೇ? ಇನ್ನೊಂದು: ಅರ್ಧಕ್ಕಿಂತ ಹೆಚ್ಚು ಲೇಖನಗಳಿಗೆ ಸೊನ್ನೆ ಬರುತ್ತಿದೆ. ಅವುಗಳಲ್ಲಿ ಕೆಲವನ್ನು ಬ್ಲಾಗ್‌ಗಳಲ್ಲಿ ಚರ್ಚಿಸಿರುವುದಂತೂ ಕಣ್ಣಿಗೇ ಕಾಣುತ್ತದೆ.

ಕಪಾಟು:
ಮೊದಲು ಸೊನ್ನೆಯ ವಿಷಯ ನೋಡಿ. ಅದು ಬಗೆಹರಿಯದೆ ಸರಾಸರಿಯ ಮಾತು ವ್ಯರ್ಥ. ಲೇಖನವನ್ನು ಯಾರೂ ಗಮನಿಸಿಲ್ಲ ಎಂಬುದಕ್ಕೂ ಗಮನಿಸಿದ್ದು ಲೆಕ್ಕಕ್ಕೆ ಸಿಕ್ಕಿಲ್ಲ ಎಂಬುದಕ್ಕೂ ಪರದೆಯ ಮೇಲೆ ಒಂದೇ ಸೊನ್ನೆ.

ಲೇಖನದ ಪುಟ ತೆರೆದು 'ಪೇಜ್ ಸೋರ್ಸ್' ನೋಡಿ. ಹೆಡ್ ಭಾಗದಲ್ಲಿ 'ಸೈಟೇಶನ್_ಡಿಒಐ' (citation_doi) ಮೆಟಾ ಟ್ಯಾಗ್ ಇರಬೇಕು, ಅದರ ಬೆಲೆ 10 ಎಂಬ ಅಂಕಿಯಿಂದ ಶುರುವಾಗಬೇಕು. ಪುಟ ಲೋಡ್ ಆದ ಮೇಲೆ ಜಾವಾಸ್ಕ್ರಿಪ್ಟ್ ತಂದು ಸೇರಿಸುವ ಟ್ಯಾಗ್ ಬಹಳಷ್ಟು ಕ್ರಾಲರ್‌ಗಳಿಗೆ (ಪುಟಗಳನ್ನು ತಾವಾಗಿ ಓದುತ್ತ ಹೋಗುವ ಪ್ರೋಗ್ರಾಂಗಳಿಗೆ) ಕಾಣುವುದಿಲ್ಲ. ಆಮೇಲೆ ಡಿಒಐ ಕ್ಲಿಕ್ ಮಾಡಿ: ಅದು ಆ ಲೇಖನದ ಪುಟಕ್ಕೇ ಹೋಗಬೇಕು, ಸಂಚಿಕೆಯ ಪರಿವಿಡಿಗೋ ನೇರ ಪಿಡಿಎಫ್‌ಗೋ ಅಲ್ಲ. ಜರ್ನಲ್‌ನ ಡೊಮೇನ್ ಎಂದಾದರೂ ಬದಲಾಗಿದ್ದರೆ ಕ್ರಾಸ್‌ರೆಫ್‌ನಲ್ಲಿ ಹಳೆಯ ವಿಳಾಸವೇ ಉಳಿದಿರುವುದುಂಟು. ಸರ್ವರ್‌ನ ಫೈರ್‌ವಾಲ್ ಕ್ರಾಲರ್‌ಗಳನ್ನು ಬಾಗಿಲಲ್ಲೇ ತಡೆಯುತ್ತಿದೆಯೇ ಎಂದು ಹೋಸ್ಟಿಂಗ್ ನೋಡಿಕೊಳ್ಳುವವರನ್ನು ಕೇಳಿ.

ಇಷ್ಟೆಲ್ಲ ಸರಿಯಿದ್ದೂ ಬ್ಲಾಗ್ ಬಾರದಿದ್ದರೆ ಎರಡು ಕಾರಣ ಇರಬಹುದು. ಆಲ್ಟ್‌ಮೆಟ್ರಿಕ್ ಎಲ್ಲ ಬ್ಲಾಗ್‌ಗಳನ್ನೂ ಓದುವುದಿಲ್ಲ, ತನ್ನ ಪಟ್ಟಿಯಲ್ಲಿರುವುದನ್ನು ಮಾತ್ರ. ಪಟ್ಟಿಗೆ ಸೇರಿಸಿ ಎಂದು ಕೇಳಬಹುದು, ತಪ್ಪಿಹೋದ ಪ್ರಸ್ತಾಪವನ್ನೂ ತಿಳಿಸಬಹುದು. ಇಲ್ಲವೇ ಬ್ಲಾಗಿನವರು ಲೇಖನದ ಹೆಸರು ಬರೆದು ಲಿಂಕ್ ಬಿಟ್ಟಿರುತ್ತಾರೆ, ಅಥವಾ ಪಿಡಿಎಫ್‌ಗೆ ಲಿಂಕ್ ಕೊಟ್ಟಿರುತ್ತಾರೆ. ಪಿಡಿಎಫ್ ಲಿಂಕ್‌ನಲ್ಲಿ ಮೆಟಾ ಟ್ಯಾಗ್ ಎಲ್ಲಿಂದ ಬರಬೇಕು? ನಿಮ್ಮ 'ಹಂಚಿಕೊಳ್ಳಿ' ಗುಂಡಿ ಡಿಒಐ ವಿಳಾಸವನ್ನೇ ಕೊಡುವಂತೆ ಮಾಡಿದರೆ ಮುಂದಿನವಾದರೂ ಸಿಗುತ್ತವೆ.

ಅಂಕಿಸಂಕಿ:
ಸರಾಸರಿ ಬೇಡ. ಹತ್ತು ಲೇಖನಗಳ ಆನ್‌ಲೈನ್ ಪ್ರಸ್ತಾಪಗಳು ಹೀಗಿವೆ ಎಂದುಕೊಳ್ಳಿ: 0, 0, 0, 1, 1, 2, 2, 3, 4, 187. ಸರಾಸರಿ 20. ಈ 20ರ ಹತ್ತಿರಕ್ಕೆ ಬರುವ ಲೇಖನ ಒಂದೂ ಇಲ್ಲ! ಮಧ್ಯಾಂಕ, ಅಂದರೆ ಸಾಲಿನ ನಟ್ಟನಡುವಿನ ಬೆಲೆ, 1.5. ಪ್ರತಿ ಸಂಖ್ಯೆಗೂ 1 ಕೂಡಿಸಿ, ಸ್ವಾಭಾವಿಕ ಲಾಗ್ ತೆಗೆದು, ಅದರ ಸರಾಸರಿಯನ್ನು ಘಾತಕ್ಕೇರಿಸಿ 1 ಕಳೆದರೆ ಸುಮಾರು 2.26. ಆನ್‌ಲೈನ್ ಗಮನ ಸಾಮಾನ್ಯವಾಗಿ ಹೀಗೆ ಒಂದೆರಡು ಲೇಖನಗಳ ಮೇಲೇ ರಾಶಿ ಬೀಳುವುದರಿಂದ, ಮಧ್ಯಾಂಕವನ್ನೋ ಈ ಲಾಗ್ ಸರಾಸರಿಯನ್ನೋ ಕೊಡಿ. ಜೊತೆಗೆ 'ಕನಿಷ್ಠ ಒಂದು ಪ್ರಸ್ತಾಪ ಇರುವ ಲೇಖನಗಳು ಶೇ. 70' ಎಂಬುದನ್ನೂ ಸೇರಿಸಿ. ಓದುಗರಿಗೆ ಥಟ್ಟನೆ ಅರ್ಥವಾಗುವುದು ಇದೇ.

ಇನ್ನು ಆ ಸ್ಕೋರ್. ಅದು ಎಣಿಕೆಯಲ್ಲ, ತೂಕ ಹಾಕಿದ ಮೊತ್ತ. ಮೂಲ ತೂಕದಲ್ಲಿ ಸುದ್ದಿಗೆ 8, ಬ್ಲಾಗ್‌ಗೆ 5, ವಿಕಿಪೀಡಿಯಕ್ಕೆ 3, ಫೇಸ್‌ಬುಕ್ ಪೋಸ್ಟ್‌ಗೆ 0.25. ಅಂದರೆ ಒಂದು ಸುದ್ದಿ 32 ಫೇಸ್‌ಬುಕ್ ಪೋಸ್ಟ್‌ಗೆ ಸಮ. ಈ ಅನುಪಾತ ನಿಮ್ಮ ವಿಷಯಕ್ಕೆ ಹೊಂದುತ್ತದೆ ಎಂದು ಯಾರು ಹೇಳಿದರು? ಮೆಂಡೆಲಿಯ (ಲೇಖನಗಳನ್ನು ಉಳಿಸಿಡುವ ತಂತ್ರಾಂಶದ) ಓದುಗರ ಸಂಖ್ಯೆಯಂತೂ ಸ್ಕೋರ್‌ಗೆ ಸೇರುವುದೇ ಇಲ್ಲ. ತಮಾಷೆಯೆಂದರೆ, ಮುಂದೆ ಬೇರೆ ಸಂಶೋಧನಾ ಲೇಖನಗಳಲ್ಲಿ ಬರುವ ಉಲ್ಲೇಖಗಳ (ಸೈಟೇಶನ್) ಜೊತೆ ಸಾಕಷ್ಟು ಹೊಂದುವುದು ಅದೇ. ಟ್ವೀಟ್‌ಗಳ ಸಂಬಂಧ ತೀರ ದುರ್ಬಲ. ಇದಲ್ಲದೆ ಲೇಖನವನ್ನು ಹೊಗಳಿದರೂ ತೆಗಳಿದರೂ ಸ್ಕೋರ್ ಏರುತ್ತದೆ. ಹಿಂತೆಗೆದುಕೊಂಡ ಲೇಖನಕ್ಕೆ ದೊಡ್ಡ ಸ್ಕೋರ್ ಬಂದರೆ ಅಚ್ಚರಿಯಿಲ್ಲ.

ಆದ್ದರಿಂದ ಬಗೆಬಗೆಯಾಗಿ ಬೇರೆ ಇಡಿ. ಇಂಥದ್ದೇ ಇನ್ನೊಂದು ಸೇವೆ ಪ್ಲಮ್‌ಎಕ್ಸ್ ಐದು ವಿಭಾಗ ಮಾಡುತ್ತದೆ: ಬಳಕೆ, ಉಳಿಸಿಕೊಂಡದ್ದು, ಪ್ರಸ್ತಾಪ, ಸಾಮಾಜಿಕ ಜಾಲತಾಣ, ಉಲ್ಲೇಖ. ಒಟ್ಟು ಅಂಕ ಕೊಡುವುದಿಲ್ಲ. ಉಲ್ಲೇಖಕ್ಕೆ ಓಪನ್‌ಅಲೆಕ್ಸ್ ಎಂಬ ಸಂಶೋಧನಾ ಲೇಖನಗಳ ಮಾಹಿತಿಕೋಶ ಉಚಿತ. ಜರ್ನಲ್ ಮಟ್ಟದ ಎರಡು ವರ್ಷದ ಸರಾಸರಿ ಉಲ್ಲೇಖ ಅದರಲ್ಲೇ ಸಿಗುತ್ತದೆ.

ತಿದ್ದೋಲೆ:
ಟ್ಯಾಗ್ ನೋಡಿದೆ, ಕೆಲವು ಹಳೆಯ ಸಂಚಿಕೆಗಳಲ್ಲಿ ಇಲ್ಲವೇ ಇಲ್ಲ. ಧನ್ಯವಾದ. ಡೌನ್‌ಲೋಡ್ ಲೆಕ್ಕದಲ್ಲಿ ಓಜೆಎಸ್ ಒಂದು ಹೇಳಿದರೆ ಗೂಗಲ್ ಅನಲಿಟಿಕ್ಸ್ ಇನ್ನೊಂದು ಹೇಳುತ್ತದೆ. ಯಾವುದನ್ನು ಹಾಕಲಿ?

ಕಪಾಟು:
ಕೌಂಟರ್ ನಿಯಮದಂತೆ (ಆನ್‌ಲೈನ್ ಬಳಕೆ ಎಣಿಸುವ ಮಾನದಂಡದಂತೆ) ಎಣಿಸಿದ್ದನ್ನು ಹಾಕಿ. ಓಜೆಎಸ್ 3.4ರಿಂದ ಮುಂದೆ ಅದು ಕೌಂಟರ್ 5ನೇ ಆವೃತ್ತಿಗೆ ಹೊಂದುತ್ತದೆ. ಒಬ್ಬರೇ ಅದೇ ಕಡತವನ್ನು 30 ಸೆಕೆಂಡಿನೊಳಗೆ ಎರಡು ಸಲ ಒತ್ತಿದರೆ ಒಂದೇ ಎಂದು ಹಿಡಿಯುತ್ತದೆ, ಗೊತ್ತಿರುವ ಬಾಟ್‌ಗಳನ್ನು ಬಿಡುತ್ತದೆ. ಅನಲಿಟಿಕ್ಸ್ ನಡೆಯುವುದು ಪುಟದಲ್ಲಿರುವ ಸ್ಕ್ರಿಪ್ಟ್‌ನಿಂದ. ಹುಡುಕಾಟದಿಂದ ನೇರವಾಗಿ ಪಿಡಿಎಫ್‌ಗೆ ಬಂದವರು ಅದಕ್ಕೆ ಕಾಣುವುದೇ ಇಲ್ಲ. ಸಾರಾಂಶ ನೋಡಿದ್ದನ್ನೂ ಪೂರ್ಣ ಪಠ್ಯ ತೆರೆದದ್ದನ್ನೂ ಒಟ್ಟು ಮಾಡಬೇಡಿ, ಕೌಂಟರ್ ಅವೆರಡನ್ನು ಬೇರೆಯಾಗಿಯೇ ಕೊಡುತ್ತದೆ.

ಅಂಕಿಸಂಕಿ:
ವರ್ಷಗಳನ್ನು ಹೋಲಿಸುವಾಗ ಎಚ್ಚರ. ಜಾಲದಲ್ಲಿ ಡಿಒಐಗಳ ಪ್ರಸ್ತಾಪವನ್ನು ಸಂಗ್ರಹಿಸುವ ಕ್ರಾಸ್‌ರೆಫ್ ಇವೆಂಟ್ ಡೇಟಾ 2023ರಲ್ಲಿ ಟ್ವಿಟರ್ ಮಾಹಿತಿ ಕೈಬಿಟ್ಟಿತು. ಜನರೂ ಬ್ಲೂಸ್ಕೈ, ಮಾಸ್ಟೊಡಾನ್ ಎಂದು ಚದುರಿದರು. 2021ರ ಲೇಖನಕ್ಕೆ ಹೆಚ್ಚು, 2024ರದಕ್ಕೆ ಕಡಿಮೆ ಎಂದರೆ ಜರ್ನಲ್ ಸೊರಗಿದೆ ಎಂದರ್ಥವಲ್ಲ. ಪ್ರಕಟವಾದ ಮೊದಲ 12 ತಿಂಗಳು ಎಂಬಂತೆ ಎಲ್ಲಕ್ಕೂ ಒಂದೇ ಅವಧಿ ಇಟ್ಟು ನೋಡಿ, ಸಂಚಿಕೆಯ ದಿನಾಂಕದಿಂದಲ್ಲ, ಆನ್‌ಲೈನ್‌ಗೆ ಬಂದ ದಿನದಿಂದ. ಪ್ರಿಪ್ರಿಂಟ್‌ಗೆ (ವಿಮರ್ಶೆಗೆ ಮುನ್ನ ಹೊರಬಿಟ್ಟ ಪ್ರತಿಗೆ) ಬೇರೆ ಡಿಒಐ ಇದ್ದರೆ ಅದರ ಗಮನ ಅಲ್ಲೇ ಉಳಿಯುತ್ತದೆ.

ಅಡಿಬರಹ:
'ಪ್ರಭಾವಾಂಕ' ಎಂಬ ಹೆಸರನ್ನೂ ಬಿಡಿ, ಇಂಪ್ಯಾಕ್ಟ್ ಫ್ಯಾಕ್ಟರ್ ಎಂದೇ ಓದುತ್ತಾರೆ. ಜರ್ನಲ್ ಮಟ್ಟದ ಅಂಕದಿಂದ ಒಬ್ಬೊಬ್ಬ ಸಂಶೋಧಕರನ್ನು ಅಳೆಯಬಾರದು ಎಂದೇ 2013ರಲ್ಲಿ ಹೊರಬಂದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, ಅಂದರೆ ಡೋರಾ, ಕೇಳುತ್ತದೆ. ಹೊಸ ಅಂಕ ಹುಟ್ಟಿಸಿದರೆ ಅದೂ ಬಡ್ತಿ ಅರ್ಜಿಗೆ ಸೇರುತ್ತದೆ. ಪುಟದಲ್ಲಿ ಒಂದು ಸಣ್ಣ ಕೋಷ್ಟಕ ಸಾಕು: ವಿಧ, ಮೂಲ, ಅವಧಿ, ಲೇಖನಗಳ ಸಂಖ್ಯೆ, ಮಧ್ಯಾಂಕ, ಮಾಹಿತಿ ತೆಗೆದ ದಿನಾಂಕ. ಜರ್ನಲ್‌ನ ಸ್ವಂತ ಖಾತೆಯಿಂದ ಹಾಕಿದ ಪೋಸ್ಟ್‌ಗಳನ್ನು ಎಣಿಕೆಯಿಂದ ಕಳೆದಿದ್ದೀರೋ ಇಲ್ಲವೋ ಎಂಬುದನ್ನೂ ಅದರ ಕೆಳಗೆ ಬರೆಯಿರಿ.