ಕಚ್ಚುವ ಮಗು ಮತ್ತು ಶಿಕ್ಷಕಿಯ ಕಣ್ಣು: ಪ್ರಶ್ನೋತ್ತರ

ಪ್ರಶ್ನೆ (ತಾಯಿ, ಕಾರವಾರ): ಮಗನಿಗೆ ನಾಲ್ಕೂವರೆ ವರ್ಷ. ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಿದೆವು. ಈಗಾಗಲೇ ಎರಡು ಸಲ ಜೊತೆಯ ಮಕ್ಕಳನ್ನು ಕಚ್ಚಿದ್ದಾನೆ. ‘ಹಠಮಾರಿ, ಮನೆಯಲ್ಲಿ ಮುದ್ದು ಹೆಚ್ಚಾಗಿದೆ’ ಎನ್ನುತ್ತಾರೆ ಶಿಕ್ಷಕಿ. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಅಲ್ಲಿ ಇವನು ಯಾರನ್ನೂ ಕಚ್ಚಿದವನಲ್ಲ.

ಉತ್ತರ (ಶಿಶುವಿಹಾರದ ಶಿಕ್ಷಕಿ, ಶಿರಸಿ): ಮಗು ಹೊಡೆದರೆ, ಕಚ್ಚಿದರೆ ನಮ್ಮಲ್ಲಿ ಅನೇಕರು ಮೊದಲು ಕಾರಣ ಹುಡುಕುವುದು ಅದರ ಮನೆಯಲ್ಲಿ. ಹಾಗೆ ಮಾಡಿದರೆ ತರಗತಿಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲವಲ್ಲ! ಪಾಠಕ್ಕೆ ಅಡ್ಡಿಯಾಗುವ ಗದ್ದಲ ನಮಗೆ ಬೇಗ ಕಾಣುತ್ತದೆ. ಬೆಳಗಿನಿಂದ ಗೋಡೆಗೆ ಒರಗಿ, ಡಬ್ಬಿಯನ್ನೂ ತೆರೆಯದೆ ಕೂರುವ ಮಗುವನ್ನು ‘ಪಾಪದ ಕೂಸು’ ಎಂದು ಬಿಟ್ಟುಬಿಡುತ್ತೇವೆ. ಅದಕ್ಕೂ ಅಷ್ಟೇ ನೆರವು ಬೇಕಿರುತ್ತದೆ.

‘ಹಠಮಾರಿ’ ಎಂಬ ಹಣೆಪಟ್ಟಿಯನ್ನು ಒಪ್ಪಿಕೊಂಡು ಬರಬೇಡಿ. ಕಚ್ಚಿದ್ದು ಯಾವ ಹೊತ್ತಿಗೆ, ಹತ್ತಿರ ಯಾರಿದ್ದರು, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು ಎಂದು ಕೇಳಿ. ಒಂದು ವಾರ ಬರೆದಿಡಲು ವಿನಂತಿಸಿ. ಬಹಳ ಸಲ ಅದೇ ಹೊತ್ತು, ಅದೇ ಜಾಗ ಮರುಕಳಿಸುತ್ತದೆ: ಕೈ ತೊಳೆಯುವ ನಲ್ಲಿಯ ಮುಂದಿನ ಸಾಲು, ಹಸಿವಿನ ಹೊತ್ತು, ಆಟ ನಿಲ್ಲುವ ಗಳಿಗೆ. ನನ್ನ ತರಗತಿಯ ಒಬ್ಬ ಹುಡುಗ ಹೊಡೆಯುತ್ತಿದ್ದುದು ಮರದ ತುಂಡುಗಳನ್ನು ಬುಟ್ಟಿಗೆ ತುಂಬುವಾಗ ಮಾತ್ರ. ‘ಇನ್ನೊಂದು ಗೋಪುರ ಕಟ್ಟು, ಆಮೇಲೆ ಊಟ’ ಎಂದು ಮುಂಚಿತವಾಗಿ ಹೇಳತೊಡಗಿದ ಮೇಲೆ ಅದು ಬರಬರುತ್ತ ಕಡಿಮೆಯಾಯಿತು.

ನಿಮ್ಮ ಮಗನ ವಿಷಯದಲ್ಲಿ ನನಗೆ ಮೊದಲು ತೋಚುವುದು ಭಾಷೆ. ‘ಅದು ನನ್ನದು, ಕೊಡು’ ಎನ್ನಲು ಕನ್ನಡ ಬಾರದ ಮಗುವಿನ ಹಲ್ಲು ಮುಂದೆ ಬರುತ್ತದೆ. ತರಗತಿಯಲ್ಲಿ ಅವನಿಗೆ ಕೊಂಕಣಿ ಆಡಲು ಬಿಡಿ ಎಂದು ಶಿಕ್ಷಕಿಗೆ ಹೇಳಿ. ನೀರು, ಬೇಡ, ಶೌಚ, ನೋವು ಇವುಗಳ ಕೊಂಕಣಿ ಮಾತುಗಳನ್ನು ಅವರಿಗೆ ಬರೆದು ಕೊಡಿ.

ಪ್ರಶ್ನೆ (ಅಂಗನವಾಡಿ ಕಾರ್ಯಕರ್ತೆ, ಅಂಕೋಲಾ): ಮೀನುಗಾರ ಕುಟುಂಬದ ಹುಡುಗನೊಬ್ಬ ಜುಲೈವರೆಗೂ ಚೆನ್ನಾಗಿದ್ದ. ಆಗಸ್ಟ್‌ನಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಾನೆ.

ಉತ್ತರ: ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಮಳೆಗಾಲದಲ್ಲಿ ಮನೆಯಲ್ಲೇ ಇದ್ದ ತಂದೆ ಮರಳಿ ಕಡಲಿಗೆ ಇಳಿದಿರಬಹುದು, ತಾಯಿಯನ್ನು ಕೇಳಿ ನೋಡಿ. ಹೌದಾದರೆ ಬೆಳಿಗ್ಗೆ ಬಂದ ಕೂಡಲೇ ಐದು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು ಅಪ್ಪನ ದೋಣಿಯ ಚಿತ್ರ ಬರೆಸಿ. ನಿಮ್ಮ ಮೇಲೆ ಕೆಲಸದ ಹೊರೆ ಎಷ್ಟಿದೆಯೆಂದು ಬಲ್ಲೆ. ಆದರೂ ಈ ಐದು ನಿಮಿಷ ಉಳಿದ ಹೊತ್ತಿನ ರಗಳೆಯನ್ನು ತಗ್ಗಿಸುತ್ತದೆ.

ಪ್ರಶ್ನೆ (ತಂದೆ, ಕುಮಟಾ): ನಮ್ಮ ಕಾಲದಲ್ಲಿ ಎರಡು ಏಟು ಕೊಟ್ಟರೆ ಸರಿಹೋಗುತ್ತಿತ್ತು.

ಉತ್ತರ: ಇಲ್ಲ. ಏಟು ಆ ಕ್ಷಣವನ್ನು ನಿಲ್ಲಿಸುತ್ತದೆ, ದೊಡ್ಡವರು ಚಿಕ್ಕವರಿಗೆ ಹೊಡೆಯಬಹುದು ಎಂಬುದನ್ನು ಕಲಿಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಆ ಕಾಯ್ದೆಯ ವ್ಯಾಪ್ತಿ ಆರರಿಂದ ಹದಿನಾಲ್ಕು ವರ್ಷದವರಿಗೆ ಎಂದು ವಾದಿಸಿ ನಾಲ್ಕರ ಕೂಸಿನ ಮೇಲೆ ಕೈಯೆತ್ತುವುದನ್ನು ನಾನು ಒಪ್ಪಲಾರೆ.

ಪ್ರಶ್ನೆ (ಕಾರವಾರದ ತಾಯಿ): ವೈದ್ಯರಿಗೆ ತೋರಿಸಬೇಕೆ?

ಉತ್ತರ: ಮೊದಲು ಕಿವಿ ತೋರಿಸಿ. ಪದೇ ಪದೇ ಶೀತವಾಗುವ ಮಕ್ಕಳಲ್ಲಿ ಕಿವಿಯೊಳಗೆ ದ್ರವ ನಿಂತು ಕೇಳಿಸುವುದು ಮಂದವಾಗುತ್ತದೆ. ಕರೆದರೂ ತಿರುಗದ ಮಗುವನ್ನು ಮೊಂಡ ಎನ್ನುತ್ತಾರೆ. ಮನೆಮಾತಿನಲ್ಲೂ ವಾಕ್ಯ ಕಟ್ಟದಿದ್ದರೆ, ತನಗೇ ಗಾಯ ಮಾಡಿಕೊಂಡರೆ, ಕಲಿತ ಮಾತನ್ನು ಬಿಟ್ಟರೆ ಮಕ್ಕಳ ತಜ್ಞರನ್ನು ತಡಮಾಡದೆ ಕಾಣಿ. ಅಂಗನವಾಡಿ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಕೇಂದ್ರಕ್ಕೇ ಬಂದು ಉಚಿತವಾಗಿ ತಪಾಸಣೆ ಮಾಡುತ್ತದೆ. ನಿಮ್ಮ ಮಗನನ್ನು ನಿಮ್ಮೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಕ್ರಿಮ್ಸ್ ಆಸ್ಪತ್ರೆಗೆ ಕರೆದೊಯ್ಯಿರಿ, ಹೋಗುವಾಗ ಶಿಕ್ಷಕಿ ಬರೆದ ಆ ಒಂದು ವಾರದ ಟಿಪ್ಪಣಿಯೂ ಕೈಯಲ್ಲಿರಲಿ.